ಎಂಜಿನ್ ಇಲ್ಲದ ರೈಲು ಓಡಿಸಿದ ಫ್ರಾಂಕ್ ಸ್ಪ್ರೇಗ್

ಮೆಟ್ರೋ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಾಗ ಒಂದು ವಿಷಯ ಗಮನಿಸಿದ್ದೀರಾ? ರೈಲು ಬರುತ್ತೆ, ಆದರೆ ಎಂಜಿನ್ ಇರೋದಿಲ್ಲ. ಊರಿಗೆ ಹೋಗೋ ಎಕ್ಸ್‌ಪ್ರೆಸ್‌ಗೆ ಮುಂದೆ ದೊಡ್ಡ ಎಂಜಿನ್ ಇರುತ್ತೆ, ಹಿಂದೆ ಬೋಗಿಗಳು ಎಳೆಸಿಕೊಂಡು ಬರುತ್ತವೆ. ಮೆಟ್ರೋದಲ್ಲಿ ಹಾಗಿಲ್ಲ. ಬೋಗಿಗಳ ಕೆಳಗೇ ಮೋಟಾರ್‌ಗಳಿವೆ, ಎಲ್ಲವೂ ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ಬ್ರೇಕ್ ಹಾಕುತ್ತವೆ. ವಂದೇ ಭಾರತ್ ಕೂಡ ಇದೇ ಜಾತಿ. 16 ಬೋಗಿಯ ರೈಲಿನಲ್ಲಿ 8 ಬೋಗಿಗಳಿಗೆ ಮೋಟಾರ್ ಇದೆ. ಅಷ್ಟೂ ಮೋಟಾರ್‌ಗಳು ಒಬ್ಬ ಲೋಕೋ ಪೈಲಟ್ ಕೈಯಲ್ಲಿರೋ ಒಂದೇ ಹಿಡಿಕೆಯ ಮಾತು ಕೇಳುತ್ತವೆ.

ಇದನ್ನು ಮೊದಲು ಮಾಡಿ ತೋರಿಸಿದ್ದು ಯಾರು ಅಂತ ಕೇಳಿದರೆ ನಮ್ಮಲ್ಲಿ ಅರ್ಧ ಜನ ಎಡಿಸನ್ ಅಂತೀವಿ, ಇನ್ನರ್ಧ ಜನ ಸೀಮೆನ್ಸ್ ಅಂತೀವಿ. ಸರಿಯಾದ ಉತ್ತರ ಫ್ರಾಂಕ್ ಜೂಲಿಯನ್ ಸ್ಪ್ರೇಗ್. ಆತ ಬದುಕಿದ್ದ ಕಾಲದಲ್ಲಿ ಈ ಹೆಸರು ಎಂಜಿನಿಯರ್‌ಗಳಿಗೆಲ್ಲ ಗೊತ್ತಿತ್ತು. ಆಮೇಲೆ ಅದು ಹೇಗೆ ಮರೆಯಾಯಿತು ಅನ್ನೋದೂ ಈ ಕತೆಯ ಒಂದು ಭಾಗವೇ.

ಬರೆಯಬೇಕಿದ್ದ ಪರೀಕ್ಷೆಯೇ ಬೇರೆ

ಸ್ಪ್ರೇಗ್ ಹುಟ್ಟಿದ್ದು 1857ರ ಜುಲೈ 25ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಲ್‌ಫರ್ಡ್‌ನಲ್ಲಿ. ಎಂಟೊಂಬತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಅಪ್ಪ ಕೆಲಸ ಹುಡುಕಿಕೊಂಡು ಪಶ್ಚಿಮದ ಕಡೆ ಹೊರಟುಹೋದ. ಫ್ರಾಂಕ್ ಮತ್ತು ತಮ್ಮ ಚಾರ್ಲ್ಸ್‌ನನ್ನು ಸಾಕಿದ್ದು ಮ್ಯಾಸಚೂಸೆಟ್ಸ್‌ನ ನಾರ್ತ್ ಆ್ಯಡಮ್ಸ್ ಊರಿನಲ್ಲಿ ಟೀಚರ್ ಆಗಿದ್ದ ಸೋದರತ್ತೆ. ಹುಡುಗ ಗಣಿತದಲ್ಲಿ ಚುರುಕು. ಮುಂದೆ ಓದಬೇಕಂದರೆ ದುಡ್ಡಿಲ್ಲ. ಸೇನೆಯ ವೆಸ್ಟ್ ಪಾಯಿಂಟ್ ಅಕಾಡೆಮಿಗೆ ಸೇರಿದರೆ ಫೀಸ್ ಇಲ್ಲ ಅಂತ ಪ್ರವೇಶ ಪರೀಕ್ಷೆಗೆ ಹೊರಟ. ಅಲ್ಲಿ ಹೋಗಿ ನೋಡಿದರೆ ಆವತ್ತು ನಡೆಯುತ್ತಿದ್ದದ್ದು ಅನಾಪೊಲಿಸ್‌ನ ನೌಕಾ ಅಕಾಡೆಮಿಯ ಪರೀಕ್ಷೆ! ಬಂದಿದ್ದೀನಲ್ಲ ಅಂತ ಅದನ್ನೇ ಬರೆದ, ಮೊದಲ ಸ್ಥಾನ ಬಂತು. ಸಾಲ ಮಾಡಿಕೊಂಡು ಹೋಗಿ 1874ರಲ್ಲಿ ಸೇರಿದ, 1878ರಲ್ಲಿ ತರಗತಿಗೆ ಏಳನೆಯವನಾಗಿ ಪಾಸಾದ.

ನೌಕಾಪಡೆಯ ಕೆಲಸ ಅಂದರೆ ಹಡಗು, ಡ್ಯೂಟಿ, ಸಮುದ್ರ. ಆದರೆ ತಲೆಯೆಲ್ಲ ವಿದ್ಯುತ್ತಿನ ಕಡೆಗೇ. ಏಷ್ಯಾ ಕಡೆ ಹೋದ ಹಡಗಿನಲ್ಲಿ ಕೂತು ನೋಟ್‌ಬುಕ್ ತುಂಬ ಯಂತ್ರಗಳ ಚಿತ್ರ ಬರೆದ. ಮುಂದೆ ಲ್ಯಾಂಕಾಸ್ಟರ್ ಅನ್ನೋ ಹಡಗಿಗೆ ವರ್ಗವಾದಾಗ ಅಲ್ಲಿ ವಿದ್ಯುತ್ ಕರೆಗಂಟೆಯ ವ್ಯವಸ್ಥೆ ಹಾಕಿದ. ಅಮೆರಿಕದ ನೌಕಾಪಡೆಯಲ್ಲಿ ಅಂಥದ್ದು ಅದೇ ಮೊದಲು.

ಹೊಗೆ ತುಂಬಿದ ಸುರಂಗ

1882ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ದೊಡ್ಡ ವಿದ್ಯುತ್ ಪ್ರದರ್ಶನ ನಡೆಯಿತು. ಸ್ಪ್ರೇಗ್ ರಜೆ ಹಾಕಿ ಹೋದ. ಡೈನಮೊ, ದೀಪ ಎಲ್ಲ ಪರೀಕ್ಷಿಸುವ ತೀರ್ಪುಗಾರರ ಸಮಿತಿಗೆ ಅವನೇ ಕಾರ್ಯದರ್ಶಿಯಾದ. ಕೆಲಸ ಮುಗಿಯೋ ಹೊತ್ತಿಗೆ ರಜೆ ಮುಗಿದು ಎಷ್ಟೋ ದಿನ ಆಗಿತ್ತು. ಬಚಾವಾಗಲು ಉದ್ದನೆಯ ವರದಿ ಬರೆದುಕೊಡಬೇಕಾಯಿತು.

ಪ್ರದರ್ಶನಕ್ಕೆ ದಿನಾ ಓಡಾಡುತ್ತಿದ್ದದ್ದು ಲಂಡನ್ನಿನ ನೆಲದಡಿಯ ರೈಲಿನಲ್ಲಿ. ಆಗ ಅದು ಓಡುತ್ತಿದ್ದದ್ದು ಉಗಿಯಿಂದ. ಸುರಂಗದೊಳಗೆ ಕಲ್ಲಿದ್ದಲಿನ ಹೊಗೆ, ಮಸಿ, ಗಂಧಕದ ವಾಸನೆ. ಉಸಿರು ಕಟ್ಟಿಕೊಂಡು ಕೂತ ಸ್ಪ್ರೇಗ್‌ಗೆ ಇಲ್ಲಿ ವಿದ್ಯುತ್ ರೈಲು ಓಡಿಸಿದರೆ ಹೇಗೆ ಅನ್ನೋ ಪ್ರಶ್ನೆ ಹುಟ್ಟಿತು. ಅದು ಆಮೇಲೆ ಐವತ್ತು ವರ್ಷ ಬಿಡಲಿಲ್ಲ.

ಆ ಹೊತ್ತಿಗೆ ವಿದ್ಯುತ್ ರೈಲು ಇರಲೇ ಇಲ್ಲ ಅಂತಲ್ಲ. 1879ರಲ್ಲೇ ಬರ್ಲಿನ್ನಿನಲ್ಲಿ ಸೀಮೆನ್ಸ್ ಪುಟ್ಟ ರೈಲು ಓಡಿಸಿ ತೋರಿಸಿದ್ದರು. ಅಮೆರಿಕದಲ್ಲಿ ವಾನ್ ಡೆಪೋಲ್, ಡಾಫ್ಟ್ ಮೊದಲಾದವರು ಅಲ್ಲಲ್ಲಿ ಪ್ರಯತ್ನ ಮಾಡುತ್ತಿದ್ದರು. ಆದರೆ ಪ್ರದರ್ಶನದಲ್ಲಿ ಓಡೋದು ಬೇರೆ, ಮಳೆಯಲ್ಲಿ, ಕೆಸರಿನಲ್ಲಿ, ಗುಡ್ಡ ಹತ್ತಿ ದಿನಾ ಬೆಳಗಾದರೆ ಜನರನ್ನು ಹೊತ್ತು ಓಡೋದು ಬೇರೆ. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊ ದಿನ ಓಡಿ ಮಾರನೇ ದಿನ ನಿಂತುಹೋಗುತ್ತಲ್ಲ, ಹೆಚ್ಚುಕಮ್ಮಿ ಅದೇ ಪರಿಸ್ಥಿತಿ.

ಎಡಿಸನ್ ಹತ್ತಿರ ಒಂದು ವರ್ಷ

1883ರಲ್ಲಿ ಸ್ಪ್ರೇಗ್ ನೌಕಾಪಡೆಗೆ ರಾಜೀನಾಮೆ ಕೊಟ್ಟು ಎಡಿಸನ್ ಹತ್ತಿರ ಕೆಲಸಕ್ಕೆ ಸೇರಿದ. ಒಂದು ಊರಿಗೆ ದೀಪ ಕೊಡಲು ಯಾವ ರಸ್ತೆಗೆ ಎಷ್ಟು ದಪ್ಪದ ತಂತಿ ಬೇಕು ಅನ್ನೋದನ್ನು ಎಡಿಸನ್ ಕಡೆಯವರು ಆಗ ಮಾದರಿ ಕಟ್ಟಿ, ಅಳೆದು ನೋಡಿ ತೀರ್ಮಾನಿಸುತ್ತಿದ್ದರು. ಸ್ಪ್ರೇಗ್ ಅದನ್ನು ಗಣಿತದಿಂದ ಲೆಕ್ಕ ಹಾಕುವ ದಾರಿ ತೋರಿಸಿದ. ವಾರಗಟ್ಟಲೆ ಕೆಲಸ ಗಂಟೆಗಳಿಗೆ ಇಳಿಯಿತು.

ಆದರೆ ಎಡಿಸನ್‌ಗೆ ದೀಪದ ಚಿಂತೆ, ಇವನಿಗೆ ಮೋಟಾರಿನ ಚಿಂತೆ. ಹೊಂದಲಿಲ್ಲ. ವರ್ಷ ಕಳೆಯೋ ಹೊತ್ತಿಗೆ, 1884ರಲ್ಲಿ, ಹೊರಗೆ ಬಂದು ಸ್ವಂತ ಕಂಪನಿ ಶುರು ಮಾಡಿದ. ಅದೇ ವರ್ಷ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಅವನ ಮೋಟಾರ್ ಎಲ್ಲರ ಕಣ್ಣಿಗೆ ಬಿತ್ತು. ಆವರೆಗಿನ ಮೋಟಾರ್‌ಗಳಿಗೆ ಲೋಡ್ ಹೆಚ್ಚಿಸಿದರೆ ವೇಗ ಕುಸಿಯುತ್ತಿತ್ತು, ಬ್ರಷ್ ಹತ್ತಿರ ಕಿಡಿ ಹಾರುತ್ತಿತ್ತು, ಯಾರಾದರೂ ಪಕ್ಕದಲ್ಲಿ ನಿಂತು ಬ್ರಷ್ ಸರಿಸುತ್ತಿರಬೇಕಿತ್ತು. ಸ್ಪ್ರೇಗ್‌ನ ಮೋಟಾರಿಗೆ ಬ್ರಷ್ ಒಂದೇ ಕಡೆ ಸ್ಥಿರ. ಲೋಡ್ ಏರಿದರೂ ವೇಗ ಹೆಚ್ಚುಕಮ್ಮಿ ಅಷ್ಟೇ.

ಡಿಸಿ ಮೆಷಿನ್ಸ್ ಲ್ಯಾಬ್ ಮಾಡಿದವರಿಗೆ ಇದರ ಗುಟ್ಟು ಸುಲಭವಾಗಿ ಅರ್ಥ ಆಗುತ್ತೆ. ಫೀಲ್ಡ್ ದುರ್ಬಲ ಮಾಡಿದರೆ ಬ್ಯಾಕ್ ಇಎಂಎಫ್ ತಗ್ಗುತ್ತೆ, ಆರ್ಮೇಚರ್ ಹೆಚ್ಚು ಕರೆಂಟ್ ಎಳೆಯುತ್ತೆ, ಮೋಟಾರ್ ಜೋರಾಗಿ ತಿರುಗುತ್ತೆ. ಲೋಡ್ ಹೆಚ್ಚಾದಾಗ ಆ ಹೆಚ್ಚಿನ ಕರೆಂಟೇ ಫೀಲ್ಡನ್ನು ಸ್ವಲ್ಪ ತಗ್ಗಿಸುವಂತೆ ಸುರುಳಿ ಸುತ್ತಿದರೆ, ಬೀಳಬೇಕಿದ್ದ ವೇಗ ತನ್ನಷ್ಟಕ್ಕೆ ನಿಲ್ಲುತ್ತೆ. ಮೈಕ್ರೋಕಂಟ್ರೋಲರ್ ಇಲ್ಲ, ಸೆನ್ಸರ್ ಇಲ್ಲ. ತಾಮ್ರದ ತಂತಿಯೇ ಸೆನ್ಸರ್, ಅದೇ ಕಂಟ್ರೋಲರ್. ಇಳಿಜಾರಿನಲ್ಲಿ ಇಂಥ ಮೋಟಾರ್ ಜನರೇಟರ್ ಆಗಿ ವಿದ್ಯುತ್ತನ್ನು ಲೈನಿಗೆ ವಾಪಸ್ ಕೊಡಬಲ್ಲದು ಅನ್ನೋದನ್ನೂ ಸ್ಪ್ರೇಗ್ ಆಗಲೇ ತೋರಿಸಿದ್ದ. ನಾವು ಈಗ ರೀಜನರೇಟಿವ್ ಬ್ರೇಕಿಂಗ್ ಅಂತ ಓದೋದು ಇದನ್ನೇ.

ಮೋಟಾರನ್ನು ಎಲ್ಲಿ ಇಡೋದು?

ಮೋಟಾರ್ ಸಿಕ್ಕಿತು. ಅದನ್ನು ಗಾಡಿಯಲ್ಲಿ ಎಲ್ಲಿ ಕೂರಿಸೋದು? ಇದು ಎಲೆಕ್ಟ್ರಿಕಲ್ ಪ್ರಶ್ನೆಯೂ ಹೌದು, ಮೆಕ್ಯಾನಿಕಲ್ ಪ್ರಶ್ನೆಯೂ ಹೌದು. ಬಹಳ ಜನ ಎಡವಿದ್ದು ಇಲ್ಲೇ.

ಬೋಗಿಯ ಒಳಗೆ ಇಟ್ಟರೆ ಬೋಗಿ ಸ್ಪ್ರಿಂಗ್ ಮೇಲೆ ಮೇಲೆ ಕೆಳಗೆ ಆಡುತ್ತೆ, ಆಕ್ಸಲ್ ಹಳಿಯ ಜೊತೆಗೇ ಇರುತ್ತೆ. ನಡುವಿನ ದೂರ ಬದಲಾಗುತ್ತಲೇ ಇರೋದರಿಂದ ಚೈನ್ ಕಿತ್ತುಬರುತ್ತೆ, ಬೆಲ್ಟ್ ಜಾರುತ್ತೆ. ಸರಿ, ಆಕ್ಸಲ್ ಮೇಲೇ ಬಿಗಿದುಬಿಡೋಣ ಅಂದರೆ ಪ್ರತಿ ಹಳಿ ಜೋಡಣೆಯ ಏಟೂ ನೇರವಾಗಿ ಮೋಟಾರಿಗೆ. ಅಷ್ಟು ತೂಕ ಸ್ಪ್ರಿಂಗ್ ಇಲ್ಲದೆ ಬಡಿದರೆ ಹಳಿಯೂ ಹಾಳು, ಆರ್ಮೇಚರೂ ಹಾಳು.

1885ರ ಸುಮಾರಿಗೆ ಸ್ಪ್ರೇಗ್ ಕಂಡುಕೊಂಡ ಉಪಾಯ ಹೀಗಿತ್ತು: ಮೋಟಾರಿನ ಒಂದು ಬದಿ ಬೇರಿಂಗ್ ಮೂಲಕ ಆಕ್ಸಲ್ ಮೇಲೆ, ಇನ್ನೊಂದು ಬದಿ ಸ್ಪ್ರಿಂಗ್ ಮೂಲಕ ಗಾಲಿಗಳ ಚೌಕಟ್ಟಿಗೆ ತೂಗು. ಕಟ್ಟಡದ ಕೆಲಸದಲ್ಲಿ ಮಣ್ಣು ಸಾಗಿಸೋ ಒಂಟಿ ಚಕ್ರದ ಕೈಗಾಡಿ ನೆನಪಿಸಿಕೊಳ್ಳಿ. ಭಾರದ ಒಂದು ಪಾಲು ಚಕ್ರದ ಮೇಲೆ, ಇನ್ನೊಂದು ಪಾಲು ಹಿಡಿದವನ ಕೈಯಲ್ಲಿ. ಜನ ಇದನ್ನು ಕರೆದಿದ್ದೂ ಆ ಕೈಗಾಡಿಯ ಹೆಸರಿನಿಂದಲೇ. ಆಕ್ಸಲ್ ಎಷ್ಟೇ ಕುಣಿದರೂ ಮೋಟಾರ್ ಅದರ ಸುತ್ತಲೇ ತೂಗೋದರಿಂದ ಪಿನಿಯನ್ ಮತ್ತು ಗೇರ್ ನಡುವಿನ ದೂರ ಬದಲಾಗೋದಿಲ್ಲ, ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಏಟಿನ ಒಂದು ಪಾಲನ್ನು ಸ್ಪ್ರಿಂಗ್ ನುಂಗುತ್ತೆ. ನಮ್ಮ ರೈಲ್ವೆಯ ವ್ಯಾಪ್-7 ಎಂಜಿನ್ನಿನಲ್ಲೂ ಮೋಟಾರ್ ಕೂತಿರೋದು ಈ ಕ್ರಮದಲ್ಲೇ. ಪಠ್ಯಪುಸ್ತಕದಲ್ಲಿ ಅದರ ಹೆಸರು ನೋಸ್ ಸಸ್ಪೆನ್ಷನ್.

ಇದನ್ನು ನ್ಯೂಯಾರ್ಕಿನ ಎತ್ತರದ ರೈಲಿಗೆ ಹಾಕಿಸಬೇಕು ಅಂತ ಸ್ಪ್ರೇಗ್ ಒಂದು ಸಣ್ಣ ಹಳಿಯ ಮೇಲೆ ಪ್ರಯೋಗ ನಡೆಸುತ್ತಿದ್ದ. ಆ ರೈಲಿನ ಒಡೆತನದಲ್ಲಿ ದೊಡ್ಡ ಪಾಲಿದ್ದ ಕೋಟ್ಯಧೀಶ ಜೇ ಗೌಲ್ಡ್ ಒಂದು ದಿನ ನೋಡಲು ಬಂದ. ತನ್ನ ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ ಸ್ಪ್ರೇಗ್ ಹಿಡಿಕೆಯನ್ನು ಸ್ವಲ್ಪ ಜೋರಾಗೇ ತಿರುಗಿಸಿದ. ಗೌಲ್ಡ್ ಪಕ್ಕದಲ್ಲೇ ಫ್ಯೂಸ್ ಢಂ ಅಂತ ಸಿಡಿಯಿತು. ಗಾಬರಿಯಾದ ಗೌಲ್ಡ್ ಗಾಡಿಯಿಂದ ಹಾರಲು ಹೊರಟ. ಅದು ರಕ್ಷಣೆಗಾಗಿಯೇ ಇರೋದು ಅಂತ ಎಷ್ಟು ವಿವರಿಸಿದರೂ ಪ್ರಯೋಜನ ಆಗಲಿಲ್ಲ. ಗೌಲ್ಡ್ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಡೆಮೊ ದಿನವೇ ಕೈಕೊಡೋದು ನಮಗೊಬ್ಬರಿಗೇ ಅಲ್ಲ ಬಿಡಿ.

ರಿಚ್ಮಂಡ್: 90 ದಿನ, 40 ಗಾಡಿ

1887ರಲ್ಲಿ ವರ್ಜೀನಿಯಾದ ರಿಚ್ಮಂಡ್ ಊರಿನಿಂದ ಒಂದು ಕಾಂಟ್ರಾಕ್ಟ್ ಬಂತು. 12 ಮೈಲಿ ಹಳಿಗೆ ಲೈನ್ ಎಳೆಯಬೇಕು, 375 ಅಶ್ವಶಕ್ತಿಯ ವಿದ್ಯುತ್ ಕೇಂದ್ರ ಕಟ್ಟಬೇಕು, 80 ಮೋಟಾರ್ ಹಾಕಿದ 40 ಟ್ರಾಮ್ ಗಾಡಿ ಕೊಡಬೇಕು. ಅವಧಿ 90 ದಿನ. ದರ 1,10,000 ಡಾಲರ್, ಅದೂ ಕೆಲಸ ತೃಪ್ತಿಯಾದರೆ ಮಾತ್ರ. ಆ ಹೊತ್ತಿನಲ್ಲಿ ಇಡೀ ಜಗತ್ತಿನಲ್ಲಿ ಇಷ್ಟು ದೊಡ್ಡ ವಿದ್ಯುತ್ ಟ್ರಾಮ್ ಜಾಲ ಎಲ್ಲೂ ಇರಲಿಲ್ಲ. ಸ್ಪ್ರೇಗ್ ಕೈಯಲ್ಲಿ ಪೂರ್ತಿ ಡ್ರಾಯಿಂಗ್ ಕೂಡ ಇರಲಿಲ್ಲ. ಆದರೂ ಸಹಿ ಹಾಕಿದ.

ಸಹಿ ಹಾಕಿದ ಮೇಲೆ ಅವನಿಗೆ ಟೈಫಾಯ್ಡ್ ಬಂದು ವಾರಗಟ್ಟಲೆ ಹಾಸಿಗೆ ಹಿಡಿದ. ಎದ್ದು ಬಂದು ನೋಡಿದರೆ ಹಳಿ ಹಾಕಿದ್ದವರು ಕೆಂಪು ಜೇಡಿ ಮಣ್ಣಿನ ಮೇಲೆ ಅಗ್ಗದಲ್ಲಿ ಮುಗಿಸಿದ್ದರು. ಏರು ಕೆಲವು ಕಡೆ ನೂರಕ್ಕೆ ಹತ್ತು, ಅಂದರೆ 100 ಅಡಿಗೆ 10 ಅಡಿ. ಈ ಏರನ್ನು ಗಾಡಿ ಹತ್ತುತ್ತಾ ಅನ್ನೋದು ಅವನಿಗೇ ಗ್ಯಾರಂಟಿ ಇರಲಿಲ್ಲ.

ಒಂದು ರಾತ್ರಿ ಯಾರಿಗೂ ಹೇಳದೆ ಪರೀಕ್ಷೆಗೆ ಹೊರಟರು. ಏರು ಹತ್ತಿತು, ಇನ್ನೊಂದು ಏರೂ ಹತ್ತಿತು. ಅಷ್ಟರಲ್ಲಿ ನಾಟಕ ಮುಗಿಸಿ ಬಂದ ಜನ ಸುತ್ತ ಸೇರಿದರು. ಅದೇ ಹೊತ್ತಿಗೆ ಮೋಟಾರ್ ಸುಟ್ಟಿತು. ಜನರ ಮುಂದೆ ಹೇಳಿಕೊಳ್ಳೋದು ಹೇಗೆ? ಒಂದು ಸಣ್ಣ ಸರ್ಕ್ಯೂಟ್ ತೊಂದರೆ, ಉಪಕರಣ ತಗೊಂಡು ಬಾ ಅಂತ ಸಹಾಯಕ ಗ್ರೀನ್‌ನನ್ನು ಎಲ್ಲರಿಗೂ ಕೇಳೋ ಹಾಗೆ ಕಳಿಸಿದ. ಲೈಟ್ ಆರಿಸಿ ಸೀಟಿನ ಮೇಲೆ ಮಲಗಿ ಕಾದ. ಕಾದು ಸಾಕಾಗಿ ಜನ ಮನೆಗೆ ಹೋದರು. ಕತ್ತಲಲ್ಲಿ ಗ್ರೀನ್ ತಂದ ಉಪಕರಣ ಯಾವುದು ಗೊತ್ತಾ? ಗಟ್ಟಿಮುಟ್ಟಾದ ನಾಲ್ಕು ಹೇಸರಗತ್ತೆ! ಜಗತ್ತನ್ನು ಬದಲಿಸಬೇಕಿದ್ದ ವಿದ್ಯುತ್ ಗಾಡಿಯನ್ನು ಆವತ್ತು ಷೆಡ್ಡಿಗೆ ಎಳೆದು ತಂದದ್ದು ಅವೇ.

ನಗು ಬರುತ್ತೆ, ಆದರೆ ಆ ಚಳಿಗಾಲ ಅವರಿಗೆ ನರಕವಾಗಿತ್ತು. ಗೇರ್ ವ್ಯವಸ್ಥೆ ಬದಲಿಸಬೇಕಾಯಿತು. ತಂತಿಯಿಂದ ಕರೆಂಟ್ ತೆಗೆಯೋ ಟ್ರಾಲಿ ಕೋಲಿಗೆ ಡಜನ್‌ಗಟ್ಟಲೆ ವಿನ್ಯಾಸ ಮಾಡಿ ಬಿಸಾಡಿದರು. ಸಿಡಿಲು ಲೈನಿಗೆ ಬಡಿದು ಮೋಟಾರ್ ಸುಡುತ್ತಿತ್ತು. ಲೋಹದ ಬ್ರಷ್‌ಗಳು ಎಷ್ಟು ಬೇಗ ಸವೆಯುತ್ತಿದ್ದವೆಂದರೆ ಗಾಡಿ ಹೋದ ದಾರಿಯಲ್ಲಿ ಹಿತ್ತಾಳೆ ಪುಡಿ ಹೊಳೆಯುತ್ತಿತ್ತು. ಕಾರ್ಬನ್ ಬ್ರಷ್ ಬಂದ ಮೇಲೆಯೇ ಆ ಕಾಟ ತಪ್ಪಿದ್ದು. 90 ದಿನದ ಗಡುವು ಎಂದೋ ದಾಟಿತ್ತು. ಕಂಪನಿಗೆ ಹತ್ತಾರು ಸಾವಿರ ಡಾಲರ್ ಕೈಬಿಟ್ಟಿತು.

1888ರ ಫೆಬ್ರವರಿ 2ರಂದು ಸಾರ್ವಜನಿಕ ಸಂಚಾರ ಶುರುವಾಯಿತು. ಕೆಲವೇ ತಿಂಗಳಲ್ಲಿ 40 ಗಾಡಿಗಳೂ ಹಳಿಗೆ ಬಂದವು.

ಅದೇ ವರ್ಷ ಬಾಸ್ಟನ್ನಿನ ಟ್ರಾಮ್ ಕಂಪನಿಯ ಹೆನ್ರಿ ವಿಟ್ನಿ ಬಂದ. ಸಾವಿರಾರು ಕುದುರೆ ಸಾಕಿ ಟ್ರಾಮ್ ಎಳೆಸುತ್ತಿದ್ದ ಕಂಪನಿ ಅದು. ಅವರಿಗೊಂದು ಅನುಮಾನ: ಎಲ್ಲ ಗಾಡಿ ಒಂದೇ ಕಡೆ ಸಿಕ್ಕಿಕೊಂಡು ಒಟ್ಟಿಗೆ ಹೊರಟರೆ ಲೈನ್ ತಾಳುತ್ತಾ? ಸ್ಪ್ರೇಗ್ ರಾತ್ರೋರಾತ್ರಿ 22 ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ. ಆ ಲೈನ್ ಮಾಡಿದ್ದದ್ದು ನಾಲ್ಕು ಗಾಡಿಯ ಲೆಕ್ಕಕ್ಕೆ. ವಿದ್ಯುತ್ ಕೇಂದ್ರಕ್ಕೆ ಹೇಳಿ ಫ್ಯೂಸ್ ಕಟ್ಟಿಸಿ, ವೋಲ್ಟೇಜ್ 500ಕ್ಕೆ ಏರಿಸಿಟ್ಟ. ಲಾಟೀನು ಬೀಸಿದ ಕೂಡಲೇ ಒಂದರ ಹಿಂದೆ ಒಂದು ಹೊರಟವು. ವೋಲ್ಟೇಜ್ 200ರ ಆಸುಪಾಸಿಗೆ ಕುಸಿದು ದೀಪಗಳೆಲ್ಲ ಮಂಕಾದವು. ಆದರೆ ಒಂದು ಗಾಡಿಯೂ ನಿಲ್ಲಲಿಲ್ಲ. ಬಾಸ್ಟನ್ ವಿದ್ಯುತ್ ಕಡೆ ತಿರುಗಿತು. ಬಾಸ್ಟನ್ ನೋಡಿ ಉಳಿದ ಊರುಗಳೂ ತಿರುಗಿದವು.

ಗಾಡಿ ಓಡಿತು, ಹೆಸರು ಹೋಯಿತು

ಸ್ಪ್ರೇಗ್‌ನ ಮೋಟಾರ್‌ಗಳನ್ನು ತಯಾರಿಸುತ್ತಿದ್ದದ್ದು ಎಡಿಸನ್ ಕಂಪನಿಯ ಕಾರ್ಖಾನೆ. 1890ರಲ್ಲಿ ಎಡಿಸನ್ ಜನರಲ್ ಎಲೆಕ್ಟ್ರಿಕ್ ಸ್ಪ್ರೇಗ್‌ನ ಕಂಪನಿಯನ್ನೇ ಕೊಂಡುಕೊಂಡಿತು. ದುಡ್ಡು ಬಂತು. ಆದರೆ ಉಪಕರಣಗಳ ಮೇಲಿದ್ದ ಸ್ಪ್ರೇಗ್ ಹೆಸರು ಹೋಗಿ ಎಡಿಸನ್ ಹೆಸರು ಬಂತು. ಟೈಫಾಯ್ಡ್ ಮೈಯಲ್ಲಿ, ಸಾಲ ತಲೆಯ ಮೇಲೆ ಇಟ್ಟುಕೊಂಡು ಮಾಡಿದ ಕೆಲಸ ಮಾರುಕಟ್ಟೆಯಲ್ಲಿ ಬೇರೊಬ್ಬರ ಕೆಲಸವಾಗಿ ಓಡಾಡತೊಡಗಿತು. ಸ್ಪ್ರೇಗ್ ರಾಜೀನಾಮೆ ಕೊಟ್ಟ. ಈ ನೋವು ಅವನಿಗೆ ಕೊನೆವರೆಗೂ ಹೋಗಲಿಲ್ಲ.

ಅವನ ಮುಂದಿನ ದಾರಿ ಮೇಲ್ಮುಖವಾಗಿತ್ತು, ಅಂದರೆ ನಿಜವಾಗಿಯೂ ಮೇಲಕ್ಕೆ. ಚಾರ್ಲ್ಸ್ ಪ್ರ್ಯಾಟ್ ಜೊತೆ ಸೇರಿ ವಿದ್ಯುತ್ ಲಿಫ್ಟ್ ಕಂಪನಿ ಶುರು ಮಾಡಿದ. ಆಗ ಎತ್ತರದ ಕಟ್ಟಡಗಳಲ್ಲಿ ನೀರಿನ ಒತ್ತಡದ ಲಿಫ್ಟ್‌ಗಳದ್ದೇ ರಾಜ್ಯ. ನ್ಯೂಯಾರ್ಕಿನ ಪೋಸ್ಟಲ್ ಟೆಲಿಗ್ರಾಫ್ ಕಟ್ಟಡದ ಕಾಂಟ್ರಾಕ್ಟ್ ಹಿಡಿಯುವಾಗ, ಕೆಲಸ ಮಾಡದಿದ್ದರೆ ನನ್ನ ಖರ್ಚಿನಲ್ಲೇ ಕಿತ್ತು ನೀರಿನ ಲಿಫ್ಟ್ ಹಾಕಿಕೊಡ್ತೀನಿ ಅನ್ನೋ ಷರತ್ತಿಗೂ ಒಪ್ಪಿದ. ಹಾಕಿಕೊಡಬೇಕಾಗಿ ಬರಲಿಲ್ಲ.

ಲಿಫ್ಟಿನಿಂದ ರೈಲಿಗೆ

ಲಿಫ್ಟ್‌ನ ಮೋಟಾರಿಗೆ ಹೋಗೋ ಕರೆಂಟ್ ದೊಡ್ಡದು. ಒಳಗೆ ನಿಂತವನು ಅಷ್ಟು ಕರೆಂಟಿನ ಸ್ವಿಚ್ಚನ್ನು ಕೈಯಲ್ಲಿ ತಿರುಗಿಸೋದು ಆಗದ ಮಾತು. ಹಾಗಾಗಿ ಸ್ಪ್ರೇಗ್ ಒಂದು ಪುಟ್ಟ ಪೈಲಟ್ ಮೋಟಾರ್ ಇಟ್ಟು, ಅದರಿಂದ ದೊಡ್ಡ ಕಂಟ್ರೋಲರನ್ನು ತಿರುಗಿಸುತ್ತಿದ್ದ. ಒಳಗಿನ ಗುಂಡಿ ಕೊಡೋದು ಸಣ್ಣ ಕರೆಂಟಿನ ಆಜ್ಞೆ ಅಷ್ಟೇ. ಹಲವು ಲಿಫ್ಟ್‌ಗಳ ಪೈಲಟ್ ಮೋಟಾರ್‌ಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಎಲ್ಲವನ್ನೂ ಒಂದೇ ಜಾಗದಿಂದ ಓಡಿಸಬಹುದು ಅಂತ ಅವನಿಗೆ ಹೊಳೆಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಲಿಫ್ಟ್ ಇದ್ದ ಜಾಗದಲ್ಲಿ ರೈಲು ಬೋಗಿ!

ಇದರಿಂದ ಏನು ಲಾಭ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ. ಎಂಜಿನ್ 30 ಟನ್, ಬೋಗಿ ಒಂದೊಂದು 24 ಟನ್, ಚಕ್ರ-ಹಳಿ ನಡುವಿನ ಹಿಡಿತದ ಗುಣಾಂಕ 0.25 ಅಂತ ಇಟ್ಟುಕೊಳ್ಳಿ. ಎಂಜಿನ್ ತನ್ನ ತೂಕದ ಕಾಲುಭಾಗಕ್ಕಿಂತ, ಅಂದರೆ ಏಳೂವರೆ ಟನ್‌ಗಿಂತ, ಹೆಚ್ಚು ಎಳೆಯಲಾರದು. ಎಳೆದರೆ ಚಕ್ರ ಜಾರುತ್ತೆ. ಐದು ಬೋಗಿ ಸೇರಿ 150 ಟನ್ ಆದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಅರ್ಧ ಮೀಟರ್. ಹತ್ತು ಬೋಗಿ ಹಾಕಿದರೆ ಅದು ಕಾಲು ಮೀಟರಿನ ಹತ್ತಿರಕ್ಕೆ ಇಳಿಯುತ್ತೆ. ಅದೇ ಎಂಜಿನ್ ಬಿಟ್ಟು ಪ್ರತಿ ಬೋಗಿಯ ಅರ್ಧ ಆಕ್ಸಲ್‌ಗಳಿಗೆ ಮೋಟಾರ್ ಹಾಕಿ. ಈಗ ಒಂದು ಮೀಟರಿಗೂ ಹೆಚ್ಚು ಸಿಗುತ್ತೆ. ಬೋಗಿ ಎರಡಿರಲಿ ಇಪ್ಪತ್ತಿರಲಿ, ಲೆಕ್ಕ ಬದಲಾಗೋದಿಲ್ಲ! ನಿಮಿಷಕ್ಕೊಂದು ಸ್ಟೇಷನ್ ಬರೋ ನಗರದ ರೈಲಿಗೆ ಇದಕ್ಕಿಂತ ಏನು ಬೇಕು?

ಕಷ್ಟ ಇದ್ದದ್ದು ನಿಯಂತ್ರಣದಲ್ಲಿ. ಎಲ್ಲ ಮೋಟಾರಿನ ಕರೆಂಟನ್ನೂ ಮುಂದಿನ ಬೋಗಿಯಿಂದ ಹಂಚಿದರೆ ನೂರಾರು ಆಂಪಿಯರ್ ಹೊರುವ ದಪ್ಪ ಕೇಬಲ್ ರೈಲಿನುದ್ದಕ್ಕೂ ಬೇಕು. ಸ್ಪ್ರೇಗ್ ಶಕ್ತಿಯನ್ನೂ ಆಜ್ಞೆಯನ್ನೂ ಬೇರೆ ಮಾಡಿದ. ಪ್ರತಿ ಮೋಟಾರ್ ಬೋಗಿಯೂ ತನಗೆ ಬೇಕಾದ ಕರೆಂಟನ್ನು ಮೂರನೇ ಹಳಿಯಿಂದ ತಾನೇ ತಗೊಳ್ಳುತ್ತೆ. ರೈಲಿನುದ್ದಕ್ಕೂ ಹೋಗೋದು ಸಣ್ಣ ಆಜ್ಞೆಯ ತಂತಿಗಳು ಮಾತ್ರ. ಬೋಗಿಯ ಮುಖ ಯಾವ ಕಡೆಗೇ ಇರಲಿ, ಯಾವ ಕ್ರಮದಲ್ಲೇ ಜೋಡಿಸಲಿ, ಮುಂದೆ ಅಂದರೆ ಎಲ್ಲ ಬೋಗಿಗೂ ಮುಂದೆಯೇ ಆಗುವಂತೆ ತಂತಿಗಳನ್ನು ಹೊಂದಿಸಿದ. ಕರೆಂಟ್ ಮಿತಿ ಮೀರಿದರೆ ಪೈಲಟ್ ಮೋಟಾರ್ ಮುಂದಿನ ಹಂತಕ್ಕೆ ಹೋಗದಂತೆ ತಡೆಯುವ ರಿಲೇ ಇಟ್ಟ. ಓಡಿಸುವವನು ಅವಸರ ಮಾಡಿದರೂ ಯಂತ್ರ ಅವಸರ ಮಾಡೋದಿಲ್ಲ. ಕಂಟ್ರೋಲ್ ಸಿಸ್ಟಮ್ಸ್ ಪೇಪರಿನ ಫೀಡ್‌ಬ್ಯಾಕ್ ಲೂಪ್ ಇದೇ ಅಲ್ವಾ?

ಶಿಕಾಗೊದ ಪಣ

ಶಿಕಾಗೊದ ಸೌತ್ ಸೈಡ್ ಎಲಿವೇಟೆಡ್ ರೈಲು ಉಗಿಯಿಂದ ವಿದ್ಯುತ್ತಿಗೆ ಬದಲಾಗಲು ಹೊರಟಿತ್ತು. ಅದೇ ಊರಿನ ಇನ್ನೊಂದು ಮಾರ್ಗದಲ್ಲಿ ಆಗಲೇ ಒಂದು ಮೋಟಾರ್ ಬೋಗಿ ಉಳಿದವನ್ನು ಎಳೆಯುವ ಪದ್ಧತಿ ಇತ್ತು. ಸಲಹೆಗಾರನಾಗಿ ಬಂದ ಸ್ಪ್ರೇಗ್ ಅದು ಬೇಡ, ಬೋಗಿ ಬೋಗಿಗೂ ಮೋಟಾರ್ ಹಾಕೋಣ ಅಂದ. ದೊಡ್ಡ ಕಂಪನಿಗಳ ಎಂಜಿನಿಯರ್‌ಗಳು ಇದು ಆಗೋ ಹೋಗೋ ಮಾತಲ್ಲ ಅಂದರು. ಕೊನೆಗೆ ಸ್ಪ್ರೇಗ್ 120 ಬೋಗಿಗಳ ಕಾಂಟ್ರಾಕ್ಟ್ ತಾನೇ ಹಿಡಿದ. ಷರತ್ತು ಕಠಿಣ: 1,00,000 ಡಾಲರ್ ಬಾಂಡ್, ಮತ್ತು 1897ರ ಜುಲೈ ನಡುವಿನೊಳಗೆ ಆರು ಬೋಗಿ ಓಡಿಸಿ ತೋರಿಸಬೇಕು. ಕೈಯಲ್ಲಿ ಇದ್ದದ್ದು ಕೆಲವೇ ತಿಂಗಳು.

ಜುಲೈ 16ರಂದು ಸ್ಕೆನೆಕ್ಟಡಿಯಲ್ಲಿ ಎರಡು ಬೋಗಿ ಓಡಿದವು. ಜುಲೈ 26ರಂದು, ತನ್ನ 40ನೇ ಹುಟ್ಟುಹಬ್ಬದ ಮಾರನೇ ದಿನ, ಆರು ಬೋಗಿಯ ರೈಲು ಸಿದ್ಧವಾಯಿತು. ಶಿಕಾಗೊ ಅಧಿಕಾರಿಗಳು ನೋಡಲು ಬಂದಿದ್ದರು. ಸ್ಪ್ರೇಗ್ ಹಿಡಿಕೆಯನ್ನು ಹತ್ತು ವರ್ಷದ ತನ್ನ ಮಗನ ಕೈಗೆ ಕೊಟ್ಟ. ಹುಡುಗ ರೈಲು ಓಡಿಸಿದ, ನಿಲ್ಲಿಸಿದ, ಹಿಂದೆ ತಂದ. ನೋಡುತ್ತಿದ್ದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

1898ರ ಏಪ್ರಿಲ್‌ನಲ್ಲಿ ಶಿಕಾಗೊದಲ್ಲಿ ಸಂಚಾರ ಶುರುವಾದಾಗ ಮತ್ತೆ ಪೇಚು. ರಿಯೊಸ್ಟ್ಯಾಟ್‌ಗಳು ಕಾದು ಕೆಟ್ಟು, ಓಡಲು ಬಿಟ್ಟ ಬೋಗಿಗಳಲ್ಲಿ ಹೆಚ್ಚಿನವನ್ನು ವಾಪಸ್ ತರಬೇಕಾಯಿತು. ನಿಯಂತ್ರಣದ ಐಡಿಯಾದಲ್ಲಿ ತಪ್ಪಿರಲಿಲ್ಲ. ಕೈಕೊಟ್ಟಿದ್ದು ಭಾಗವೊಂದು ಮಾತ್ರ. ಅದನ್ನು ಬದಲಿಸಿದರು, ಕೆಲವೇ ತಿಂಗಳಲ್ಲಿ ಉಗಿ ಎಂಜಿನ್‌ಗಳು ಮನೆಗೆ ಹೋದವು.

ಇದರ ಬೆಲೆ ಏನು ಅನ್ನೋದು ಲಂಡನ್ನಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು. 1900ರಲ್ಲಿ ಶುರುವಾದ ಸೆಂಟ್ರಲ್ ಲಂಡನ್ ರೈಲ್ವೆಯ ಸ್ಟೇಷನ್‌ಗಳಿಗೆ ಲಿಫ್ಟ್ ಕೊಟ್ಟದ್ದು ಸ್ಪ್ರೇಗ್‌ನ ಕಂಪನಿ. ಆದರೆ ರೈಲು ಎಳೆಯಲು 44 ಟನ್ನಿನ ಎಂಜಿನ್‌ಗಳನ್ನು ಇಟ್ಟಿದ್ದರು. ಅವಕ್ಕೆ ಗೇರ್ ಇಲ್ಲ, ಮೋಟಾರ್ ನೇರ ಆಕ್ಸಲ್ ಮೇಲೆ, ತೂಕದ ಬಹುಪಾಲಿಗೆ ಸ್ಪ್ರಿಂಗ್ ಇಲ್ಲ. ಮೇಲಿನ ರಸ್ತೆಯ ಕಟ್ಟಡಗಳು ಅದುರಲು ಶುರುವಾದವು. ದೂರು ಹೆಚ್ಚಾಗಿ ಸರ್ಕಾರ ಸಮಿತಿ ಕೂರಿಸಿತು. ಬೇರೆ ಬೇರೆ ಬಗೆಯ ಗಾಡಿ ಓಡಿಸಿ ಅಳೆದು ನೋಡಿದ ಮೇಲೆ, 1903ರ ಹೊತ್ತಿಗೆ ಎಂಜಿನ್‌ಗಳನ್ನು ತೆಗೆದು ಬೋಗಿಯಲ್ಲೇ ಮೋಟಾರ್ ಇರುವ ರೈಲುಗಳನ್ನು ತಂದರು. ಇಪ್ಪತ್ತು ವರ್ಷದ ಹಿಂದೆ ಸ್ಪ್ರೇಗ್ ಹೊಗೆಯಲ್ಲಿ ಕೂತು ಯೋಚಿಸಿದ್ದ ಊರಿಗೆ ಅವನ ಎರಡೂ ಉಪಾಯ ಒಟ್ಟಿಗೆ ಬಂದಿದ್ದವು.

ಕೊನೆಯವರೆಗೂ ಕೆಲಸ

1902ರ ಜನವರಿ 8ರಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ, ಉಗಿಯ ನಡುವೆ ಸಿಗ್ನಲ್ ಕಾಣದೆ ಒಂದು ರೈಲು ನಿಂತಿದ್ದ ಇನ್ನೊಂದಕ್ಕೆ ಗುದ್ದಿತು. ಕನಿಷ್ಠ 15 ಜನ ಸತ್ತರು. ಗ್ರ್ಯಾಂಡ್ ಸೆಂಟ್ರಲ್‌ಗೆ ಬರುವ ರೈಲುಗಳನ್ನೆಲ್ಲ ವಿದ್ಯುತ್ತಿಗೆ ತಿರುಗಿಸಲು ರಚಿಸಿದ ಎಂಜಿನಿಯರ್‌ಗಳ ಆಯೋಗದಲ್ಲಿ ಸ್ಪ್ರೇಗ್ ಇದ್ದ. ಅಲ್ಲಿನ ಮುಖ್ಯ ಎಂಜಿನಿಯರ್ ವಿಲಿಯಂ ವಿಲ್ಗಸ್ ಜೊತೆ ಸೇರಿ ಹೊಸ ಬಗೆಯ ಮೂರನೇ ಹಳಿ ರೂಪಿಸಿದ. ಮೇಲ್ಭಾಗಕ್ಕೆ ಹೊದಿಕೆ, ಕರೆಂಟ್ ತೆಗೆಯೋದು ಕೆಳಗಿನಿಂದ. ಹಿಮ ಕೂರೋದಿಲ್ಲ, ಯಾರದೋ ಕಾಲು ತಾಗುವ ಅಪಾಯವೂ ಕಡಿಮೆ. ಆಮೇಲೆ ಸಿಗ್ನಲ್ ದಾಟಿದರೆ ರೈಲನ್ನು ತಾನೇ ನಿಲ್ಲಿಸುವ ವ್ಯವಸ್ಥೆಯ ಮೇಲೆ ವರ್ಷಗಟ್ಟಲೆ ದುಡಿದ. ಎಪ್ಪತ್ತು ದಾಟಿದ ಮೇಲೂ ಒಂದೇ ಲಿಫ್ಟ್ ಗುಂಡಿಯಲ್ಲಿ ಎರಡು ಲಿಫ್ಟ್ ಓಡಿಸೋದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದ.

1910ರಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳ ಸಂಸ್ಥೆ ಅವನಿಗೆ ತನ್ನ ದೊಡ್ಡ ಪದಕ ಕೊಟ್ಟಿತು. ಆ ಪದಕದ ಹೆಸರು ಎಡಿಸನ್ ಪದಕ! ವಿಧಿ ಅಂದರೆ ಇದೇ ಇರಬೇಕು. 1934ರ ಅಕ್ಟೋಬರ್ 25ರಂದು, 77ನೇ ವಯಸ್ಸಿನಲ್ಲಿ ಸ್ಪ್ರೇಗ್ ತೀರಿಕೊಂಡ. ವಿದ್ಯುತ್ ರೈಲಿನ ಕೀರ್ತಿ ಎಡಿಸನ್‌ಗೆ ಹೋಗಿದ್ದು ತಪ್ಪು ಅಂತ ಹೆಂಡತಿ ಹ್ಯಾರಿಯೆಟ್ 1947ರಲ್ಲಿ ಒಂದು ಪುಸ್ತಕವನ್ನೇ ಬರೆದಳು.

ಹೆಸರು ಪೂರ್ತಿ ಅಳಿಯಲೂ ಇಲ್ಲ. ಪ್ಯಾರಿಸ್ ಮೆಟ್ರೋದಲ್ಲಿ ಸ್ಪ್ರೇಗ್-ಥಾಮ್ಸನ್ ಅನ್ನೋ ರೈಲುಗಳು 1908ರಿಂದ 1983ರವರೆಗೆ ಓಡಿದವು. ಇನ್ನೊಬ್ಬ ಮಗ ರಾಬರ್ಟ್ 1926ರಲ್ಲಿ ಕೆಪ್ಯಾಸಿಟರ್ ಕಂಪನಿ ಶುರು ಮಾಡಿ, ಅದನ್ನು 1930ರಲ್ಲಿ ನಾರ್ತ್ ಆ್ಯಡಮ್ಸ್‌ಗೆ ತಂದ. ಸೋದರತ್ತೆಯ ಮನೆಯಲ್ಲಿ ಅಪ್ಪ ಬೆಳೆದ ಊರೇ ಅದು. ಹಳೆಯ ಆಂಪ್ಲಿಫೈಯರ್ ಬಿಚ್ಚಿದಾಗ ಕೆಪ್ಯಾಸಿಟರ್ ಮೇಲೆ ಸ್ಪ್ರೇಗ್ ಅಂತ ಕಂಡರೆ ಅದು ಈ ಮನೆತನದ್ದೇ.

ನಮಗೆ ಯಾಕೆ ಬೇಕು ಈ ಕತೆ?

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬಾಂಬೆ ವಿಟಿಯಿಂದ ಕುರ್ಲಾಕ್ಕೆ ಹೊರಟಾಗ ಸ್ಪ್ರೇಗ್ ಇನ್ನೂ ಬದುಕಿದ್ದ. ಅದೂ ಎಂಜಿನ್ ಇಲ್ಲದ, ಬೋಗಿಯಲ್ಲೇ ಮೋಟಾರ್ ಇದ್ದ ರೈಲು. ಈಗ ರಿಯೊಸ್ಟ್ಯಾಟ್ ಜಾಗಕ್ಕೆ ಐಜಿಬಿಟಿ ಇನ್ವರ್ಟರ್ ಬಂದಿದೆ, ಡಿಸಿ ಮೋಟಾರ್ ಜಾಗಕ್ಕೆ ತ್ರೀ ಫೇಸ್ ಎಸಿ ಮೋಟಾರ್ ಬಂದಿದೆ, ಆಜ್ಞೆಯ ತಂತಿಗಳ ಜಾಗಕ್ಕೆ ಡೇಟಾ ಬಸ್ ಬಂದಿದೆ. ಆದರೆ ಶಕ್ತಿ ಸ್ಥಳದಲ್ಲೇ, ಆಜ್ಞೆ ಮಾತ್ರ ರೈಲಿನುದ್ದಕ್ಕೂ ಅನ್ನೋ ಏರ್ಪಾಡು ಬದಲಾಗಿಲ್ಲ.

ಮೆಕಾಟ್ರಾನಿಕ್ಸ್ ಅನ್ನೋ ಪದ ಹುಟ್ಟಿದ್ದು 1969ರಲ್ಲಿ, ಜಪಾನಿನಲ್ಲಿ. ಸ್ಪ್ರೇಗ್ ಸತ್ತು ಆಗ 35 ವರ್ಷ. ಆದರೆ ಮೋಟಾರ್, ಸ್ಪ್ರಿಂಗ್, ಗೇರ್, ರಿಲೇ ನಾಲ್ಕನ್ನೂ ಒಂದೇ ಸಮಸ್ಯೆ ಅಂತ ನೋಡಿದವನಿಗೆ ಆ ಪದದ ಅಗತ್ಯ ಇರಲಿಲ್ಲ. ನಾವು ಇದು ಇಇ ಬ್ರಾಂಚ್‌ನವರದ್ದು, ಅದು ಮೆಕ್ ಬ್ರಾಂಚ್‌ನವರದ್ದು ಅಂತ ಪ್ರಾಜೆಕ್ಟ್ ಹಂಚಿಕೊಂಡು, ಕೊನೆಯ ವಾರ ಜೋಡಿಸಲು ಹೋಗಿ ಪೇಚಾಡ್ತೀವಿ. ಎಡವಟ್ಟಾಗೋದು ಸಾಮಾನ್ಯವಾಗಿ ಎರಡೂ ಸೇರುವ ಜಾಗದಲ್ಲೇ.

ಮುಂದಿನ ಸಲ ಮೆಟ್ರೋಗೆ ಕಾಯುವಾಗ ಎರಡು ಬೋಗಿಗಳ ನಡುವೆ ಇಳಿಬಿದ್ದ ಕೇಬಲ್‌ಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ಹತ್ತು ವರ್ಷದ ಹುಡುಗನ ಕೈಯ ಮಾತನ್ನು ಆರು ಬೋಗಿಗೆ ಮುಟ್ಟಿಸಿದ್ದು ಅಂಥ ತಂತಿಗಳೇ.